ಹಿಂದಿನ ಸ್ಪೀಕರ್ ದೊಡ್ಡದು, ಹಾಡು ಮಾತ್ರ ಮಂಕು

ಪ್ರಶ್ನೆ: ಹ್ಯಾಚ್‌ಬ್ಯಾಕ್ ಕಾರಿನ ಮುಂದಿನ ಬಾಗಿಲಿಗೆ 6.5 ಇಂಚಿನ ಕಾಂಪೊನೆಂಟ್ ಸ್ಪೀಕರ್ (ಬೇಸಿನ ವೂಫರ್, ತೀಕ್ಷ್ಣ ದನಿಯ ಟ್ವೀಟರ್ ಬೇರೆಬೇರೆ ಇರುವ ಸೆಟ್), ಹಿಂದಿನ ಟ್ರೇಗೆ 6×9 ಇಂಚಿನ ಅಂಡಾಕಾರದ ಸ್ಪೀಕರ್ ಹಾಕಿಸಿದ್ದೇನೆ. ಗಾಯಕರ ದನಿ ಬೆನ್ನ ಹಿಂದಿನಿಂದ ಕೇಳುತ್ತದೆ, ಮುಂದೆ ಬೇಸ್ ಇಲ್ಲವೇ ಇಲ್ಲ. ಸಬ್‌ವೂಫರ್ (ಬೇಸಿಗೆಂದೇ ಇರುವ ಸ್ಪೀಕರ್) ಹಾಕಿಸಲೇ?
– ಓದುಗರೊಬ್ಬರು, ಹಾಸನ

ಉತ್ತರ: ಈಗಲೇ ಬೇಡ. ಮೊದಲು ಸ್ಟೀರಿಯೊದ ಫೇಡರನ್ನು (ಹಿಂದು-ಮುಂದಿನ ಸ್ಪೀಕರುಗಳ ದನಿ ಹಂಚುವ ಸೆಟ್ಟಿಂಗ್) ಮುಂದಕ್ಕೆ ತಂದು, ಹಿಂದಿನದು ಕೇಳಿಯೂ ಕೇಳದಂತಿರಲಿ. ಬೇಸ್ ಬೂಸ್ಟ್, ಲೌಡ್‌ನೆಸ್ ಎರಡೂ ಆಫ್ ಮಾಡಿ.

ಆಮೇಲೆ ವೈರಿಂಗ್. ಒಂದು ಬಾಗಿಲಲ್ಲಿ ಪ್ಲಸ್-ಮೈನಸ್ ಅದಲುಬದಲಾದರೂ ಎರಡು ಸ್ಪೀಕರುಗಳ ಬೇಸ್ ಒಂದನ್ನೊಂದು ನುಂಗಿಹಾಕುತ್ತದೆ. ಒಂದೇ ಬದಿಯ ವೂಫರ್ ವೈರ್ ತಿರುಗಿಸಿ ಕೇಳಿ. ಬೇಸ್ ಹೆಚ್ಚಿದರೆ ಹಾಗೇ ಬಿಡಿ.

ನಿಜವಾದ ಕಳ್ಳ ಹೆಚ್ಚಾಗಿ ಬಾಗಿಲೇ. ಒಳತಗಡಿನ ದೊಡ್ಡ ತೂತುಗಳಿಂದ ಸ್ಪೀಕರಿನ ಹಿಂಬದಿಯ ಶಬ್ದ ಮುಂದೆ ಬಂದು ಬೇಸನ್ನು ತಿನ್ನುತ್ತದೆ. ಸ್ಪೀಕರಿನ ಹಿಂದಿನ ಹೊರತಗಡಿಗೆ 2 ಮಿ.ಮೀ. ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ಕಂಪನ ತಗ್ಗಿಸುವ ರಬ್ಬರ್ ಹಾಳೆ) ಅಂಟಿಸಿ, ಒಳತಗಡಿನ ತೂತು ಮುಚ್ಚಿಸಿ. ಬಾಗಿಲ ತಳದ ನೀರಿಳಿಯುವ ಕಿಂಡಿ ಮಾತ್ರ ಮುಚ್ಚಬೇಡಿ, ತುಕ್ಕು ಹಿಡಿಯುತ್ತದೆ.

ಸ್ಟೀರಿಯೊ ಡಬ್ಬದ ಮೇಲಿನ ‘50 ವ್ಯಾಟ್’ ನಂಬಬೇಡಿ. ಸತತವಾಗಿ ಸಿಗುವುದು ಸುಮಾರು 15–20. ದುಡ್ಡಿದ್ದರೆ ಚಾನೆಲ್‌ಗೆ 50 ವ್ಯಾಟ್ ಆರ್‌ಎಂಎಸ್ (ಸತತವಾಗಿ ಸಿಗುವ ಶಕ್ತಿ) ಇರುವ ಆಂಪ್ಲಿಫೈಯರ್ ಕೊಳ್ಳಿ, ಅದರ ಪವರ್ ವೈರಿಗೆ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಇರಲಿ. ಮುಂದೆ ಸಬ್ ಸೇರಿದರೆ ಬಾಗಿಲ ಸ್ಪೀಕರಿಗೆ 80 ಹರ್ಟ್ಜ್ ಹೈ-ಪಾಸ್ (ಅದಕ್ಕಿಂತ ಕೆಳಗಿನ ಬೇಸ್ ತಡೆಯುವ ಫಿಲ್ಟರ್), ಸಬ್‌ಗೆ ಅಷ್ಟೇ ಲೋ-ಪಾಸ್ (ಅದಕ್ಕಿಂತ ಮೇಲಿನದನ್ನು ತಡೆಯುವುದು) ಇಡಿ.

ಸ್ಟೀರಿಯೊದಲ್ಲಿ ಟೈಮ್ ಅಲೈನ್‌ಮೆಂಟ್ (ಎಲ್ಲ ಸ್ಪೀಕರಿನ ದನಿ ಒಟ್ಟಿಗೆ ಕಿವಿ ಮುಟ್ಟುವಂತೆ ಹತ್ತಿರದ್ದಕ್ಕೆ ತಡ ಕೊಡುವ ಸೌಲಭ್ಯ) ಇದ್ದರೆ ಅಳತೆ ಟೇಪ್ ಹಿಡಿಯಿರಿ: ಚಾಲಕರ ಕಿವಿಗೆ ಬಲ ಸ್ಪೀಕರ್ 90, ಎಡದ್ದು 130 ಸೆಂ.ಮೀ. ಇದ್ದರೆ ಬಲಕ್ಕೆ ಸುಮಾರು 1.2 ಮಿಲಿಸೆಕೆಂಡ್ ತಡ ಕೊಡಿ.