ಪುಣೆ ಹತ್ರದ ಮುಳಶಿ ಕಡೆ ನಮ್ಮ ಜಾಗದ ಹತ್ರ ವಾಡಿಯವ್ರು, ಅಂದ್ರೆ ಅಲ್ಲಿನ ಸಣ್ಣ ಹಳ್ಳಿ ಜನ, ಜಿಂಕೆಗೆ ಉರುಳು ಹಾಕ್ತಾರೆ, ಗೆಳೆಯರ ಜೊತೆ ರಾತ್ರಿ ಕಾದು ಅವ್ರನ್ನ ಹಿಡೀಬಹುದಾ?

ರಾತ್ರಿ ಕಾಯಾಕ ಹೋಗಬ್ಯಾಡ್ರಿ. ಉರುಳು ಹಾಕೋರ ಕೈಯಾಗ ನಾಡಬಂದೂಕೂ ಇರಬಹುದು, ಕತ್ತಲಾಗ ಗಿಡದ ಮರೆಯಾಗ ಏನರ ಅಲುಗಾಡಿದ್ರ ಪ್ರಾಣಿನೋ ಮನುಷ್ಯಾನೋ ಯಾರೂ ನೋಡಂಗಿಲ್ಲ.

ನಮ್ಮ ಮನಿ ಪುಣೆಯ ಕೋಥರೂಡದಾಗ, ಮುಳಶಿ ಕಡೆ ತಾಮ್ಹಿಣಿ ಘಾಟಿನ ದಾರ್ಯಾಗ ಸಣ್ಣ ಜಾಗ ಐತಿ. ಬೇಲಿ ಆಚೆ ಹಳ್ಳಕ್ಕ ಇಳಿಯೋ ಕಾಲುದಾರ್ಯಾಗ ಒಂದಿನ ಬೈಕಿನ ಕ್ಲಚ್ ವೈರಿನ ಉರುಳು ಕಂಡ್ವು, ಒಂದರಾಗ ಕಾಡುಕುರಿ, ಇಲ್ಲಿ ಮಂದಿ ಭೇಕರ ಅಂತಾರಲ್ಲ ಆ ಸಣ್ಣ ಜಾತಿ ಜಿಂಕಿ, ಕುತ್ತಿಗಿ ಬಿಗದು ಸತ್ತಿತ್ತು. ಒದ್ದಾಡಿ ಒದ್ದಾಡಿ ಸುತ್ತಿನ ಮಣ್ಣೆಲ್ಲ ಕೆದರಿತ್ತು. ಸಂಕಟ, ಸಿಟ್ಟು ತಡಿಲಾರದ ಎಲ್ಲಾ ಉರುಳು ಕಿತ್ತು ಚೀಲಕ್ಕ ತುಂಬಿದೆ, ಕಾಡುಕುರಿನ ಅಲ್ಲೇ ಹುಗಿದೆ, ಮರುದಿನ ಚೀಲ ತಗೊಂಡು ಅರಣ್ಯ ಇಲಾಖೆ ಆಫೀಸಿಗೆ ಹೋದೆ. ಅಲ್ಲೇ ಕೆಟ್ಟದ್ದು.

ಕೇಸ್ ನಿಲ್ಲೋದು ಜಾಗದ ಮ್ಯಾಲೆ ರೀ. ವೈರ್ ಯಾವ ಗಿಡಕ್ಕ ಕಟ್ಟಿತ್ತು, ಯಾರ ಸರ್ವೆ ನಂಬರಿನಾಗ, ಗಂಟು ಹೆಂಗಿತ್ತು, ಸುತ್ತ ಹೆಜ್ಜಿ ಗುರುತು, ಬೀಡಿ ತುಂಡು, ಇದೆಲ್ಲ ಪಂಚನಾಮಾದಾಗ ಬರಬೇಕು, ಪಂಚರ ಸಹಿ ಬೀಳಬೇಕು. ಹೆಣದ ಪೋಸ್ಟ್‌ಮಾರ್ಟಮ್ ಆಗಿ ಸ್ಯಾಂಪಲ್ ತಗೀಬೇಕು, ಮುಂದ ಯಾರ ಮನ್ಯಾಗರ ಮಾಂಸ ಸಿಕ್ಕು ಅವ್ರು ಆಡಿಂದು ಅಂದ್ರೂ ಡಿಎನ್‌ಎ ಸುಳ್ಳು ಹೇಳಂಗಿಲ್ಲ, ಹೈದರಾಬಾದಿನ ಸಿಸಿಎಂಬಿ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆಯ ಲ್ಯಾಬ್ ಅದನ್ನ ನೋಡಿ ಹೇಳತೈತಿ. ನಾನು ಕೊಟ್ಟದ್ದು ನನ್ನ ಕೈಯಾಡಿದ ಬರೇ ವೈರ್. ಅದೂ ಅಲ್ದ, ಕಾಡುಪ್ರಾಣಿ ಹೆಣ ಸರ್ಕಾರದ ಸೊತ್ತು, ಕೈಗೆ ಬಂದ್ರ 48 ತಾಸಿನಾಗ ಪೊಲೀಸರಿಗೋ ಅರಣ್ಯದವ್ರಿಗೋ ತಿಳಿಸಿ ಒಪ್ಪಿಸಬೇಕು ಅಂತ ಕಾಯ್ದೆನ ಐತಿ, ನಾನು ನೋಡಿದ್ರ ಹುಗಿದಿದ್ದೆ. ಹೇಳಿಕೆ ಕೊಡಾಕ ಓಡಾಡಿದಾವ ನಾನು, ಉರುಳು ಹಾಕಿದಾವ ಆರಾಮ. ದೀಪಾವಳಿ ಹೊತ್ತಿಗೆ ಅದೇ ಹಳ್ಳದಾಗ ಮತ್ತ ವೈರ್.

ಅದಕ್ಕ ಉರುಳು ಕಂಡ್ರ ಮುಟ್ಟಬ್ಯಾಡ್ರಿ. ಲೊಕೇಶನ್ ಆನ್ ಇಟ್ಟು ಫೋಟೋ ತಗೀರಿ, ಮಹಾರಾಷ್ಟ್ರ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಮಾಡ್ರಿ, ಪ್ರಾಣಿ ಇನ್ನೂ ಜೀವಂತ ಐತಿ ಅಂದ್ರ ಅದನ್ನ ಮೊದಲ ಹೇಳ್ರಿ. ಪ್ರಾಣಿ ಬೀಳದಿದ್ರೂ ಪರವಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಉರುಳು ಒಡ್ಡೋದೂ ಬೇಟೆನ.

ವಾಡಿಯವ್ರ ಕೆಲಸ ಅಂತ ಬರದೀರಿ, ಅದನ್ನ ನಾ ಒಪ್ಪಂಗಿಲ್ಲ. ಕೆಲವ್ರು ಭತ್ತಕ್ಕ ಬರೋ ಹಂದಿಗೆ ಒಡ್ಡತಾರ, ಅದರಾಗ ಭೇಕರ ಬೀಳತೈತಿ, ಚಿರತಿನೂ ಬೀಳತೈತಿ. ಬೆಳಿ ಹಾಳಾದ್ರ ಸರ್ಕಾರ ಪರಿಹಾರ ಕೊಡತೈತಿ, ಆ ಅರ್ಜಿ ತುಂಬಾಕ ಅವ್ರಿಗೆ ಕೈಜೋಡಸ್ರಿ. ಉಳಿದದ್ದು ವ್ಯಾಪಾರ. ಪಕ್ಕದ ಫಾರ್ಮ್‌ಹೌಸಿನ ವಾಚ್‌ಮನ್ ನನ್ನನ್ನ ಕೇಳಿದ್ದ, "ಸಾಹೇಬ, ಭೇಕರಾಚ ಮಟಣ ಪಾಯಿಜೆ ಕಾ?" ಅಂತ, ಅಂದ್ರ ಭೇಕರದ ಮಾಂಸ ಬೇಕೇನು ಅಂತ. ವಾಡಿಯವ್ರನ್ನ ಅಲ್ಲ, ಪುಣೆದಿಂದ ಶನಿವಾರ ಬಂದ ನನ್ನನ್ನ. ನಮ್ಮಂಥವ್ರು ರೊಕ್ಕ ಎಣಸೋತನಕ ವೈರ್ ಬೀಳ್ತಾನ ಇರ್ತಾವು.

ನಿಮ್ಮ ಗೆಳೆಯರು ಹಗಲ ಹೊತ್ತಿನಾಗ ಅರಣ್ಯ ಇಲಾಖೆ ಗಾರ್ಡ್ ಜೋಡಿ ಹಳ್ಳದ ದಾರಿ ನಡೀಲಿ. ಅವ್ರೊಳಗ ಯಾರರ ಆ ಮಟನ್ ತಿಂದವ್ರು ಇದ್ರ ಮೊದಲ ಅವ್ರನ್ನ ಕೇಳ್ರಿ, ಯಾರು ತಂದು ಕೊಟ್ರು, ಎಷ್ಟು ಕೊಟ್ಟಿ ಅಂತ.