ಅಂಕ ಹಾಕಿದ್ದು ರಾತ್ರಿ ಬಸ್ಸಿನಲ್ಲಿ

ಈಚೆಗೆ ಆಪ್ತಸಲಹೆಗೆ ಅಂತ ನನ್ನ ಬಳಿ ಬಂದವರಲ್ಲಿ ನಾಲ್ಕು ಜನ ಒಂದೇ ಪ್ರಶ್ನೆ ತಂದಿದ್ದರು: "ಮುಂದೆ ಯಾವ ಊರಲ್ಲಿ ಇರಲಿ?" ನಾಲ್ವರೂ ಮನೆ ಖಾಲಿ ಮಾಡಿ, ಆದಷ್ಟು ಕಡಿಮೆ ಖರ್ಚಿನಲ್ಲಿ ಊರೂರು ಸುತ್ತುತ್ತಿದ್ದರು. ಅವರಲ್ಲಿ ಒಬ್ಬರ ವಿಷಯ ಇಲ್ಲಿದೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ವಯಸ್ಸು ಮೂವತ್ತು ದಾಟಿತ್ತು. ಕೆಲಸ ಲ್ಯಾಪ್‌ಟಾಪಿನಲ್ಲೇ, ಎಲ್ಲಿ ಕೂತು ಬೇಕಾದರೂ ಮಾಡಬಹುದು. ಮದುವೆ ಮುರಿದಿತ್ತು, ಇದ್ದ ಊರಲ್ಲಿ ಇರಲು ಮನಸ್ಸಿರಲಿಲ್ಲ. ಸಾಮಾನು ಮಾರಿ ಒಂದು ಬ್ಯಾಗ್ ಹಿಡಿದು ಹೊರಟು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ 14 ಊರು ಮುಗಿಸಿದ್ದರು. ಬಸ್ಸಿನ ರಾತ್ರಿಯೂ ಸೇರಿ ಒಂದು ಊರಿಗೆ ನಾಲ್ಕು ರಾತ್ರಿ. ತಂಗುವುದು ಡಾರ್ಮಿಟರಿಯಲ್ಲಿ, ಊರು ಬದಲಿಸುವುದು ಯಾವಾಗಲೂ ರಾತ್ರಿ ಬಸ್ಸಿನಲ್ಲಿ. ಟಿಕೆಟ್ ದುಡ್ಡಿನಲ್ಲೇ ಒಂದು ರಾತ್ರಿಯ ಮಲಗುವ ಖರ್ಚು ಉಳಿಯುತ್ತದೆ ಅನ್ನುವುದು ಅವರ ಲೆಕ್ಕ.

ಅವರ ಹತ್ತಿರ ಒಂದು ಆನ್‌ಲೈನ್ ಶೀಟ್ ಇತ್ತು. ಬಾಡಿಗೆ, ಹವೆ, ಇಂಟರ್ನೆಟ್, ಓಡಾಟ, ಸುರಕ್ಷತೆ, ಹೀಗೆ ಒಂಬತ್ತು ಕಾಲಂ. ಪ್ರತಿ ಊರಿಗೂ ಹತ್ತಕ್ಕೆ ಇಷ್ಟು ಅಂತ ಅಂಕ. ಮೊದಲ ಎರಡು ಭೇಟಿಯಲ್ಲಿ ನಾನೂ ಆ ಶೀಟನ್ನೇ ಹಿಡಿದು ಕೂತೆ. ಯಾವ ಕಾಲಂಗೆ ಜಾಸ್ತಿ ಮಹತ್ವ ಕೊಡಬೇಕು ಅಂತ ಇಬ್ಬರೂ ಚರ್ಚೆ ಮಾಡಿದೆವು. ಅದು ನನ್ನ ತಪ್ಪು. ಶೀಟು ಅಷ್ಟು ಅಚ್ಚುಕಟ್ಟಾಗಿತ್ತು, ಅದನ್ನು ತುಂಬಿದವರ ಮುಖ ನಾನು ಸರಿಯಾಗಿ ನೋಡಿರಲೇ ಇಲ್ಲ.

ಮೂರನೇ ಸಲ ವಿಡಿಯೊ ಕರೆಯಲ್ಲಿ ಸಿಕ್ಕಾಗ ಕಣ್ಣು ಕೆಂಪಾಗಿತ್ತು. ಕೇಳಿದೆ: "ಈ ಅಂಕ ಎಲ್ಲ ಯಾವಾಗ ಹಾಕ್ತೀರಿ?"

"ಬಸ್ಸಲ್ಲಿ ಮೇಡಂ. ನಿದ್ದೆ ಬರಲ್ವಲ್ಲ, ಅದಕ್ಕೆ."

"ಊರಿಗೆ ಬರೋವಾಗಲಾ, ಬಿಟ್ಟು ಹೋಗೋವಾಗಲಾ?"

"ಬಿಟ್ಟು ಹೋಗೋವಾಗ."

ಆ ಶೀಟಿನಲ್ಲಿ ಯಾವ ಬದಲಾವಣೆ ಎಷ್ಟು ಗಂಟೆಗೆ ಆಯಿತು ಅನ್ನುವುದು ಉಳಿದಿರುತ್ತದೆ. ಅವರೇ ತೆಗೆದು ಗಟ್ಟಿಯಾಗಿ ಓದಲು ಶುರು ಮಾಡಿದರು. ರಾತ್ರಿ 2.10. ರಾತ್ರಿ 3.40. ರಾತ್ರಿ 1.50. ಹಾಗೇ ಕೆಳಗೆ ಹೋದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

"ಹಗಲು ಹಾಕಿದ್ದು ಒಂದೂ ಇಲ್ಲ" ಅಂದರು. ಇನ್ನೂ ಸ್ವಲ್ಪ ನೋಡಿ, "ಬಿಟ್ಟು ಬಂದ ಊರಿಗೆಲ್ಲ ಆಮೇಲೆ ಅಂಕ ಏರಿಸಿದೀನಿ ಮೇಡಂ. ಕೊನೇ ಊರಿಗೇ ಯಾವಾಗಲೂ ಕಡಿಮೆ. ಹಾಗಾದ್ರೆ ನಾನು ಊರು ನೋಡ್ತಾನೇ ಇಲ್ವಾ?"

"ನೋಡಿದ್ದೀರಿ. ನಿದ್ದೆಗೆಟ್ಟು ನೋಡಿದ್ದೀರಿ" ಅಂದೆ.

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಸತತ 17 ಗಂಟೆ ಎಚ್ಚರ ಇದ್ದವರ ಕೈ, ಕಣ್ಣು, ಗಮನ ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ 2016ರ ಅಧ್ಯಯನವೊಂದು ಇನ್ನೊಂದು ಸಂಗತಿ ಹೇಳುತ್ತದೆ. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡ ಅರ್ಧ ಬಲ ಅರ್ಧದಷ್ಟು ಗಾಢವಾಗಿ ಮಲಗುವುದಿಲ್ಲ, ಕಾವಲು ಕಾಯುವ ಹಾಗೆ ಇರುತ್ತದೆ. ಇವರ ನಾಲ್ಕು ರಾತ್ರಿಯಲ್ಲಿ ಒಂದು ಬಸ್ಸಿಗೆ, ಒಂದು ಹೊಸ ಹಾಸಿಗೆಗೆ ಹೋಯಿತು. ಎರಡು ತಿಂಗಳಲ್ಲಿ ಅರ್ಧ ರಾತ್ರಿಗಳಿಗೆ ಸರಿಯಾದ ನಿದ್ದೆಯೇ ಇಲ್ಲ. ಮದುವೆ ಮುರಿದ ನೋವು ಬೇರೆ. ಖಿನ್ನತೆ ಇರಬಹುದಾ ಅಂತಲೂ ವಿಚಾರಿಸಿದೆ. ಊಟ ಸೇರುತ್ತಿತ್ತು, ಕೆಲಸದಲ್ಲಿ ಆಸಕ್ತಿ ಇತ್ತು. ಇಲ್ಲದಿದ್ದರೆ ಮೊದಲು ವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಅವತ್ತು ನಾನು ನೇರವಾಗಿ ಹೇಳಿದೆ: ಶೀಟಿನಲ್ಲಿ ಹೆಚ್ಚು ಅಂಕ ಬಂದ ಐದು ಊರಲ್ಲಿ ಯಾವುದಾದರೂ ಒಂದನ್ನು ಹಿಡಿಯಿರಿ. ಚೀಟಿ ಎತ್ತಿದರೂ ಪರವಾಗಿಲ್ಲ. ಹಗಲಲ್ಲಿ ಹೋಗಿ, ಒಂದು ತಿಂಗಳಿಗೆ ರೂಮು ಹಿಡಿಯಿರಿ. ಮೊದಲ ಎರಡು ವಾರ ಶೀಟು ಮುಟ್ಟಬೇಡಿ. ಬಟ್ಟೆ ಒಗೆಯಿರಿ, ತಡರಾತ್ರಿ ಕೆಲಸ ಮುಗಿಸಿ ಮನೆಗೆ ನಡೆಯಿರಿ, ಏನೂ ಮಾಡಲು ಇಲ್ಲದ ಒಂದು ಭಾನುವಾರ ಕಳೆಯಿರಿ. ಆಮೇಲೆ ಚೆನ್ನಾಗಿ ಮಲಗಿ ಎದ್ದ ದಿನ, ಮಧ್ಯಾಹ್ನದೊಳಗೆ ಅಂಕ ಹಾಕಿ.

ದುಡ್ಡಿನ ಭಯ ಇತ್ತು, ಅದು ಸುಮ್ನೆ ಹುಟ್ಟಿದ ಭಯವಲ್ಲ. ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ ಹಿಡಿದ ರೂಮು ದಿನದ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ. ಅಡುಗೆ ಮಾಡಿಕೊಳ್ಳಬಹುದು. ತಿಂಗಳಿಗೆ ಏಳು ಟಿಕೆಟ್ ಬದಲು ಒಂದು ಸಾಕು. ರಾತ್ರಿ ಬಸ್ಸು ಬೆಳಿಗ್ಗೆ ಐದಕ್ಕೆ ಇಳಿಸಿದರೆ ರೂಮು ಸಿಗುವುದು ಮಧ್ಯಾಹ್ನ. ಆ ದಿನದ ಕೆಲಸ ಹೋಯಿತು ಅನ್ನುವುದನ್ನು ಅವರು ಯಾವ ಕಾಲಂನಲ್ಲೂ ಬರೆದಿರಲಿಲ್ಲ. ಬೇರೆ ದಾರಿಯಿಲ್ಲದೆ ರಾತ್ರಿ ಬಸ್ಸು ಹತ್ತುವವರಿಗೆ ಹತ್ತಬೇಡಿ ಅಂತ ನಾನು ಹೇಳುವುದಿಲ್ಲ. ಇಳಿದ ದಿನ ಊರನ್ನು ಅಳೆಯಬೇಡಿ, ಅಷ್ಟೇ.

ಆಪ್ತಸಲಹೆಗಾರರು ಹೀಗೆ ಮಾಡಿ ಅಂತ ಹೇಳಬಾರದು ಅಂತಲೇ ನಮಗೆ ಕಲಿಸುತ್ತಾರೆ. ಸಹೋದ್ಯೋಗಿಯೊಬ್ಬರು ಇದೇ ಆಕ್ಷೇಪ ಎತ್ತಿದರು. ನಾನು ಊರು ಆರಿಸಿ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆದರೆ ದಣಿದವರ ಮುಂದೆ "ನಿಮ್ಮ ಮನಸ್ಸು ಏನು ಹೇಳುತ್ತೆ?" ಅಂತ ಕೇಳುತ್ತಾ ಕೂರುವುದು ನನಗೆ ಸರಿ ಕಾಣಲಿಲ್ಲ. ಮೊದಲು ನಿದ್ದೆ ಆಗಬೇಕು, ಮನಸ್ಸಿನ ಮಾತು ಆಮೇಲೆ.

ಒಂದು ಕಾಲಂ ಮಾತ್ರ ತೆಗೆಯಲು ಹೇಳಿದೆ, ಹವೆಯದು. ಅದಕ್ಕೆ ಅವರು ಎಲ್ಲಕ್ಕಿಂತ ಜಾಸ್ತಿ ಮಹತ್ವ ಕೊಟ್ಟಿದ್ದರು. ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾಹ್ನೆಮನ್ ಅನ್ನುವ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಅಮೆರಿಕದ ಮಧ್ಯಪಶ್ಚಿಮದ ವಿದ್ಯಾರ್ಥಿಗಳನ್ನೂ ಕೇಳಿದ್ದರು. ಒಳ್ಳೆ ಬಿಸಿಲಿನ ಊರಿನವರೇ ಜಾಸ್ತಿ ಸುಖವಾಗಿರುತ್ತಾರೆ ಅಂತ ಎರಡೂ ಕಡೆಯವರು ಊಹಿಸಿದರು. ತಮ್ಮ ತಮ್ಮ ಬದುಕಿನ ಬಗ್ಗೆ ಕೇಳಿದಾಗ ಇಬ್ಬರ ತೃಪ್ತಿಯೂ ಹೆಚ್ಚುಕಡಿಮೆ ಒಂದೇ ಇತ್ತು. ನಾಲ್ಕು ದಿನಕ್ಕೆ ಹೋದವರ ಕಣ್ಣಿಗೆ ಬೀಳುವುದು ಹವೆ. ಅಲ್ಲೇ ಇರುವವರು ಅದನ್ನು ಮರೆತು ಬದುಕುತ್ತಾರೆ, ಅಲ್ವಾ?

ಆರು ವಾರದ ಮೇಲೆ ಮತ್ತೆ ಮಾತಾಡಿದೆವು. ಚೀಟಿಯಲ್ಲಿ ಬಂದದ್ದು ಪಟ್ಟಿಯ ನಾಲ್ಕನೇ ಊರು. ಅಲ್ಲಿ ನೆಲೆಸಲು ಮನಸ್ಸಾಗಲಿಲ್ಲ. ಓಡಾಟಕ್ಕೆ ಕೊಟ್ಟ ಎಂಟು ಅಂಕ ನಾಲ್ಕಕ್ಕೆ ಇಳಿದಿತ್ತು, ಬಾಡಿಗೆಯದು ಏರಿತ್ತು. ಎರಡನ್ನೂ ಹಗಲಲ್ಲೇ ಹಾಕಿದ್ದರು. ಎರಡು ರಾತ್ರಿ ತುಂಬಾ ಅತ್ತೆ ಅಂತಲೂ ಹೇಳಿದರು. ಬಸ್ಸಲ್ಲಿ ಪಕ್ಕದಲ್ಲಿ ಜನ ಇರುತ್ತಿದ್ದರು, ಅಳು ಬಂದಿರಲಿಲ್ಲವಂತೆ. ಆ ದಿನ ಶೀಟಿನ ಸುದ್ದಿಗೇ ಹೋಗಲಿಲ್ಲ, ಮದುವೆಯ ಬಗ್ಗೆಯೇ ಮಾತಾಡಿದೆವು.

ಮುಂದಿನ ಊರಲ್ಲೂ ಒಂದು ತಿಂಗಳು ಇರುತ್ತಾರೆ. ಬೆಳಿಗ್ಗೆ ಎಂಟರ ರೈಲಿಗೆ ಟಿಕೆಟ್ ತೆಗೆದಿದ್ದಾರೆ. ರಾತ್ರಿ ಬಸ್ಸಿಗಿಂತ ಸ್ವಲ್ಪ ಜಾಸ್ತಿಯೇ ಆಯಿತಂತೆ.