ಸ್ಟ್ರೋಕ್ ಆದ ಅಪ್ಪನಿಗೆ ಶರ್ಟ್ ಹಾಕಿಕೊಳ್ಳಲು ಹೇಳಿ ನೋಡುತ್ತಾ ಕೂರುವುದು ಎಂಥ ಪರೀಕ್ಷೆ?

ನೆನಪಿನ ಪರೀಕ್ಷೆಯಲ್ಲಿ ನಿಮ್ಮ ತಂದೆಗೆ 30ಕ್ಕೆ 27 ಬಂದಿದೆ. ಆದರೂ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ತರಬೇತಿ ಕೊಡುವವರು) ಅವರಿಗೆ ಶರ್ಟ್ ಕೊಟ್ಟು ಸುಮ್ನೆ ನೋಡುತ್ತಾ ಕೂರುತ್ತಾರೆ ಅಂದಿದ್ದೀರಿ. ನಾನೂ ಅದೇ ಕೆಲಸದವಳು. ಅವರು ಸುಮ್ನೆ ಕೂತಿಲ್ಲ ಬಿಡಿ.

ಆ 30 ಅಂಕದ ಪರೀಕ್ಷೆಯಲ್ಲಿ ಹೆಚ್ಚಿನದು ಬಾಯಲ್ಲಿ ಹೇಳುವಂಥದ್ದು. ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆಯಿರಿ, ಹೀಗೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಎಷ್ಟೋ ಜನ ಇದನ್ನೆಲ್ಲ ಸಲೀಸಾಗಿ ಹೇಳುತ್ತಾರೆ. ಊಟಕ್ಕೆ ಕೂತರೆ ಮಾತ್ರ ತಟ್ಟೆಯ ಎಡಗಡೆಯ ಪಲ್ಯ ಹಾಗೇ ಉಳಿದಿರುತ್ತದೆ.

ಇನ್ನು ಶರ್ಟಿನ ವಿಷಯ. ಮನೆಯವರಿಗೆ ಕಾಣುವುದು 'ಹಾಕಿಕೊಳ್ಳೋಕೆ ಬರಲ್ಲ' ಅನ್ನುವುದಷ್ಟೇ. ನಾವು ನೋಡುವುದು ಎಲ್ಲಿ ಎಡವಿದರು ಅಂತ. ಒಬ್ಬರು ಬಲಗೈ ತೂರಿಸಿ ನೇರ ಗುಂಡಿಗೆ ಕೈಹಾಕುತ್ತಾರೆ, ಶರ್ಟಿನ ಎಡತೋಳು ಬೆನ್ನ ಹಿಂದೆ ನೇತಾಡುತ್ತಿದ್ದರೂ ಗೊತ್ತಾಗುವುದಿಲ್ಲ. ಎಡಬದಿ ಅವರ ಗಮನಕ್ಕೇ ಬರುತ್ತಿಲ್ಲ, ಇದು ನೆಗ್ಲೆಕ್ಟ್. ಇನ್ನೊಬ್ಬರು ಶರ್ಟನ್ನು ತಿರುಗಿಸುತ್ತಲೇ ಇರುತ್ತಾರೆ. ಕಾಲರ್ ಯಾವ ಕಡೆ, ತೋಳು ಯಾವ ಕಡೆ, ಅಂದಾಜೇ ಸಿಗದು. ಮತ್ತೊಬ್ಬರು ತೋಳಿನೊಳಗೆ ಕಾಲು ಹಾಕಲು ಹೋಗುತ್ತಾರೆ, ಟೂತ್‌ಬ್ರಶ್‌ನಲ್ಲಿ ತಲೆ ಬಾಚುತ್ತಾರೆ. ಇದು ಅಪ್ರಾಕ್ಸಿಯಾ, ಅಂದರೆ ಕೈಕಾಲಿಗೆ ಬಲವಿದ್ದರೂ ಕೆಲಸ ಹೇಗೆ ಮಾಡುವುದೆಂದು ಮೆದುಳಿಗೆ ಹೊಳೆಯದಿರುವುದು; ಎಡಮೆದುಳಿನ ಸ್ಟ್ರೋಕ್‌ನಲ್ಲಿ ಜಾಸ್ತಿ. ಕೆಲವರು ಶರ್ಟ್ ಹಿಡಿದು ಕೂತೇ ಇರುತ್ತಾರೆ, 'ಹಾಕ್ಕೊಳ್ಳಿ ಸರ್' ಅಂದರೆ ಮಾತ್ರ ಹಾಕಿಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಮುಂದಿನ ತರಬೇತಿ ಬೇರೆ.

ಇದಕ್ಕೊಂದು ಪಕ್ಕಾ ಕ್ರಮ ಹಾಕಿಕೊಟ್ಟವರು ಐಸ್‌ಲ್ಯಾಂಡಿನ ಥೆರಪಿಸ್ಟ್ ಗುಡ್ರುನ್ ಆರ್ನಾಡೋಟ್ಟಿರ್. ಅವರ ಪುಸ್ತಕ ಬಂದದ್ದು 1990ರಲ್ಲಿ, ಪರೀಕ್ಷೆಯ ಹೆಸರು ಎ-ಒನ್. ಬಟ್ಟೆ, ಸ್ನಾನ, ಓಡಾಟ, ಊಟ, ಮಾತು ಇವುಗಳಲ್ಲಿ ಎಷ್ಟು ಸಹಾಯ ಬೇಕಾಯಿತು ಅನ್ನುವುದಕ್ಕೆ 0ರಿಂದ 4ರವರೆಗೆ ಅಂಕ. ಯಾವ ತೊಂದರೆ ಅಡ್ಡ ಬಂತು ಅನ್ನುವುದಕ್ಕೆ ಬೇರೆ ಅಂಕ. ತರಬೇತಿ ಇಲ್ಲದೆ ಮಾಡುವಂಥದ್ದಲ್ಲ.

ಕಾಫಿ, ಟೀ ಮಾಡಿಸಿ ನೋಡುವ ಪರೀಕ್ಷೆಗಳೂ ಇವೆ. ಆದರೆ ಹುಟ್ಟಿದಾಗಿನಿಂದ ಒಲೆ ಹಚ್ಚದ ಯಜಮಾನರಿಗೆ ಡಿಕಾಕ್ಷನ್ ಹಾಕಿ ಅಂದರೆ ಏನು ತಿಳಿದೀತು? ಅಂಥವರಿಗೆ ನಾನು ಶೇವಿಂಗ್ ಸೆಟ್ ಕೊಡುತ್ತೇನೆ. ಹಾಗಾಗಿ ತಂದೆಯವರು ಮನೆಯಲ್ಲಿ ಏನೇನು ತಾವೇ ಮಾಡಿಕೊಳ್ಳುತ್ತಿದ್ದರು ಅಂತ ಥೆರಪಿಸ್ಟ್‌ಗೆ ಮೊದಲೇ ಹೇಳಿ. ಅವರ ಕನ್ನಡಕ ಮರೆಯದೆ ಒಯ್ಯಿರಿ. ಅವರು ತಡಕಾಡುವಾಗ ನಡುವೆ ಹೋಗಿ ತೋಳು ಏರಿಸಿಕೊಡಬೇಡಿ, ಆಗ ನಮಗೆ ಏನೂ ಗೊತ್ತಾಗಲ್ಲ. ನೋಡಲಾಗದಿದ್ದರೆ ಕ್ಯಾಂಟೀನ್‌ಗೆ ಹೋಗಿ ಕಾಫಿ ಕುಡಿದು ಬನ್ನಿ, ಪರವಾಗಿಲ್ಲ.